ತೊಗರಿಯ ಬೇರು ಮತ್ತು ದಫ್ತರದ ಕಾವಲುಗಾರ

ಬೀದರ ಜಿಲ್ಲೆಯ ಗೋರ್ಟಾ (ಬಿ) ಎಂಬ ಊರಿನ ಹೆಸರು ಕಿವಿಗೆ ಬಿದ್ದೊಡನೆ ಬಲ್ಲವರಿಗೆ ನೆನಪಾಗುವುದು 1948ನೆಯ ಇಸವಿಯ ಮೇ ತಿಂಗಳು. ರಜಾಕಾರರ ಹಾವಳಿಯಲ್ಲಿ ಆ ಊರು ಉಂಡ ದುಃಖವು ಹೈದರಾಬಾದು ವಿಮೋಚನೆಯ ಚರಿತ್ರೆಯಲ್ಲಿ ಸೇರಿಹೋಗಿದೆ. ಅದನ್ನು ಬರೆದವರಿದ್ದಾರೆ, ಇನ್ನೂ ಬರೆಯಬೇಕಾದದ್ದೂ ಉಂಟು. ಈ ಬರಹ ಅದರ ಗೋಜಿಗೆ ಹೋಗುವುದಿಲ್ಲ. ಊರಿನ ಚರಿತ್ರೆಯೆಂದರೆ ಊರವರ ಚರಿತ್ರೆ ಎಂದಷ್ಟೇ ನಾವು ತಿಳಿಯುತ್ತೇವೆ. ಹೊಲದ ಮಣ್ಣಿಗೂ ಒಂದು ಚರಿತ್ರೆಯಿದೆ. ಆ ಮಣ್ಣಿನಲ್ಲಿ ನಡೆಯುವ ಒಂದು ವ್ಯವಹಾರವನ್ನು ಮನುಷ್ಯನು ಅರಿತುಕೊಂಡ ಚರಿತ್ರೆಯಂತೂ ಒಳ್ಳೆಯ ಕಾದಂಬರಿಯಷ್ಟೇ ತಿರುವುಗಳುಳ್ಳದ್ದು. ಅದನ್ನು ಹೇಳುವುದು ಇಲ್ಲಿನ ಉದ್ದೇಶ.

ಬಸವಕಲ್ಯಾಣ, ಹುಮನಾಬಾದಗಳ ಸೀಮೆಯಲ್ಲಿ ತೊಗರಿ, ಉದ್ದು, ಹೆಸರು, ಕಡಲೆ ಹಳೆಯ ಬೆಳೆಗಳು. ಸೋಯಾ ಅವರೆ ಈಚೆಗೆ ಬಂದು ಬೇರೂರಿದ ನೆಂಟ. ಮಳೆ ಹಿಡಿದು ಒಂದೂವರೆ ತಿಂಗಳಾದ ಮೇಲೆ ಅಲ್ಲಿ ಒಂದು ತೊಗರಿ ಗಿಡವನ್ನು ತೆಗೆದು ನೋಡಬೇಕು. ಕೈಯಿಂದ ಎಳೆದರೆ ಪ್ರಯೋಜನವಿಲ್ಲ. ನೋಡಬೇಕಾದದ್ದು ಕಪ್ಪು ಮಣ್ಣಿನಲ್ಲೇ ಕಳಚಿ ಉಳಿಯುತ್ತದೆ. ಸುತ್ತ ಅಗೆದು, ಹೆಂಟೆಸಹಿತ ಎತ್ತಿ, ನೀರಿನಲ್ಲಿ ಮೆಲ್ಲನೆ ತೊಳೆದರೆ ಬೇರಿನ ಮೈಮೇಲೆ ಸಾಸಿವೆಯಂಥ, ಕೆಲವೊಮ್ಮೆ ಅದಕ್ಕಿಂತ ದಪ್ಪನೆಯ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಿಡದೊಳಗೆ ರಕ್ತದ ಬಣ್ಣ! ನಮ್ಮ ರಕ್ತದ ಕೆಂಪಿಗೆ ಕಾರಣವಾದ ಪ್ರೋಟೀನಿನ ಬಂಧುವೇ ಅಲ್ಲಿಯೂ ಇದೆ.

ಆ ಗಂಟು ರೋಗವಲ್ಲ, ಬಿಡಾರ. ಮಣ್ಣಿನಲ್ಲಿದ್ದ ರೈಜೋಬಿಯಂ ಜಾತಿಯ ಏಕಾಣುಜೀವಿಗಳು, ಅಂದರೆ ಬ್ಯಾಕ್ಟೀರಿಯಾಗಳು, ಅಲ್ಲಿ ತುಂಬಿಕೊಂಡಿವೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಿಡವು ಅವುಗಳಿಗೆ ಆಹಾರ ಕೊಡುತ್ತದೆ. 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ಇದನ್ನು ವಿದ್ವಾಂಸರ ಮುಂದಿಟ್ಟರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಜೀವಿಯನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ನಮ್ಮ ಒಕ್ಕಲಿಗರಿಗೆ ಕಾರಣ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಜೋಳದ ಸಾಲುಗಳ ನಡುವೆ ತೊಗರಿಯ ಸಾಲು ಬಿಡುವುದನ್ನು ಅವರಿಗೆ ಯಾವ ಜರ್ಮನ್ ಪಂಡಿತನೂ ಕಲಿಸಿಕೊಡಲಿಲ್ಲ.

ಇಷ್ಟು ಶಾಲೆಯ ಪುಸ್ತಕದಲ್ಲೂ ಇದೆ. ಅಲ್ಲಿಲ್ಲದ ಪ್ರಶ್ನೆ ಬೇರೆ. ಬೇಸಗೆಯುದ್ದಕ್ಕೂ ಈ ಜೀವಿ ಬರಿಯ ಮಣ್ಣಿನಲ್ಲಿ ಒಂಟಿಯಾಗಿ ಇರುತ್ತದೆ. ಬೇರಿನೊಳಗೆ ಹೊಗುವ ವಿದ್ಯೆಯೂ ಸಾರಜನಕವನ್ನು ಹಿಡಿಯುವ ವಿದ್ಯೆಯೂ ಆಗಲೂ ಅದರಲ್ಲಿರುತ್ತವೆ, ಏಕೆಂದರೆ ಅವು ಅದರ ಜೀನುಗಳಲ್ಲಿ ಬರೆದಿಟ್ಟ ವಿದ್ಯೆಗಳು. ಆದರೂ ಅವನ್ನು ಅದು ಉಪಯೋಗಿಸುವುದಿಲ್ಲ. ತೊಗರಿಯ ಎಳೆಬೇರು ಹತ್ತಿರ ಬಂದಾಗ ಮೊದಲನೆಯ ವಿದ್ಯೆ ತೆರೆಯುತ್ತದೆ; ಗಂಟಿನೊಳಗೆ ಸೇರಿದ ಮೇಲೆ ಎರಡನೆಯದು. ಕಣ್ಣಿಲ್ಲದ, ಮಿದುಳಿಲ್ಲದ, ಒಂದೇ ಕೋಶದ ಈ ಜೀವಿಗೆ ಸಮಯ ತಿಳಿಯುವುದು ಹೇಗೆ? ಅದುವರೆಗೂ ಆ ಜೀನುಗಳ ಬಾಯಿ ಕಟ್ಟಿಟ್ಟವರು ಯಾರು?

ಉತ್ತರ ಹೊಲದಲ್ಲಿ ಹುಟ್ಟಲಿಲ್ಲ. ಅದು ಹುಟ್ಟಿದ್ದು ಪ್ಯಾರಿಸ್ ನಗರದಲ್ಲಿ, ಅದೂ ಜರ್ಮನ್ ಸೈನ್ಯವು ಆ ನಗರವನ್ನು ಹಿಡಿದುಕೊಂಡಿದ್ದ ಕಾಲದಲ್ಲಿ, ಹಾಲಿನ ಸಕ್ಕರೆಯನ್ನು ತಿನ್ನುವ ಬೇರೊಂದು ಬ್ಯಾಕ್ಟೀರಿಯಾದ ಮೂಲಕ. ಆದ್ದರಿಂದ ತೊಗರಿಯನ್ನು ಸ್ವಲ್ಪ ಹೊತ್ತು ಹೊಲದಲ್ಲೇ ಬಿಟ್ಟು ಅಲ್ಲಿಗೆ ಹೋಗಿಬರೋಣ.

ಆ ಬ್ಯಾಕ್ಟೀರಿಯಾದ ಹೆಸರು ಎಶ್ಚರೀಶಿಯ ಕೋಲಿ. ಮನುಷ್ಯನ ಕರುಳಿನ ವಾಸಿ. ಜಾಕ್ ಮೊನೊ ಎಂಬ ತರುಣ ವಿಜ್ಞಾನಿ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗಾಗಿ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಅಳೆಯುತ್ತಿದ್ದರು. ಎರಡು ಬಗೆಯ ಸಕ್ಕರೆಯನ್ನು ಒಟ್ಟಿಗೆ ಕೊಟ್ಟರೆ ಏನಾಗುತ್ತದೆಂಬುದು ಅವರು ಕೇಳಿಕೊಂಡ ಪ್ರಶ್ನೆ. ಎರಡನ್ನೂ ಒಟ್ಟಿಗೆ ತಿಂದು ಬೆಳೆಯಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಗ್ಲೂಕೋಸಿನ ಜೊತೆ ಕೆಲವು ಸಕ್ಕರೆಗಳನ್ನು ಇಟ್ಟಾಗ ಬೆಳವಣಿಗೆಯ ಗೆರೆ ಮೇಲೇರಿ, ನಡುವೆ ಒಮ್ಮೆ ಮಟ್ಟಸವಾಗಿ ನಿಂತು, ಮತ್ತೆ ಮೇಲೇರಿತು. ಜೀವಿ ಮೊದಲು ಗ್ಲೂಕೋಸನ್ನು ಮುಗಿಸುತ್ತದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಬಳಿಕ ಎರಡನೆಯದಕ್ಕೆ ಕೈಹಾಕುತ್ತದೆ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಮುಗಿಯುವವರೆಗೆ ಅನ್ನದ ಕಡೆ ತಿರುಗಿ ನೋಡದ ಹುಡುಗರಂತೆ!

1940ರ ಡಿಸೆಂಬರಿನಲ್ಲಿ ಮೊನೊ ಈ ಗೆರೆಯನ್ನು ಪ್ಯಾಸ್ಚರ್ ಸಂಸ್ಥೆಯ ಆಂದ್ರೆ ಲ್ವೊಫ್ ಅವರಿಗೆ ತೋರಿಸಿದರು. ಇದು ಕಿಣ್ವಗಳ ಹೊಂದಿಕೆಗೆ ಸಂಬಂಧಿಸಿದ್ದಿರಬಹುದು ಎಂದು ಲ್ವೊಫ್ ಹೇಳಿದರು. ಮೊನೊ ಆ ಹೆಸರನ್ನೇ ಅದುವರೆಗೆ ಕೇಳಿರಲಿಲ್ಲವಂತೆ. 1941ರಲ್ಲಿ ಪ್ರಬಂಧ ಮುಗಿಯಿತು. ಆಮೇಲಿನ ವರ್ಷಗಳಲ್ಲಿ ಮೊನೊ ಹಗಲು ಪ್ರಯೋಗಶಾಲೆಯಲ್ಲಿ ದುಡಿದು, ಗುಟ್ಟಾಗಿ ಪ್ರತಿರೋಧ ಚಳವಳಿಯಲ್ಲಿ ಕೆಲಸ ಮಾಡಿದರು. ಪ್ರಯೋಗಶಾಲೆಯ ಬಳಿ ನಿಂತಿದ್ದ ಜಿರಾಫೆಯ ಅಸ್ಥಿಪಂಜರದ ಕಾಲಿನ ಎಲುಬಿನೊಳಗೆ ಗುಪ್ತ ಕಾಗದಗಳನ್ನು ಬಚ್ಚಿಡುತ್ತಿದ್ದರೆಂಬ ಕಥೆ ಪ್ರಚಲಿತವಾಗಿದೆ.

ಇಲ್ಲಿ ಒಂದು ಹಳೆಯ ತಿಳಿವಳಿಕೆಯನ್ನು ಹೇಳಬೇಕು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯಲು ಒಂದು ಕಿಣ್ವ ಬೇಕು. ಲ್ಯಾಕ್ಟೋಸ್ ಇಲ್ಲದಾಗ ಬ್ಯಾಕ್ಟೀರಿಯಾದಲ್ಲಿ ಆ ಕಿಣ್ವದ ಅಣುಗಳು ಬೆರಳೆಣಿಕೆಯಷ್ಟು; ಲ್ಯಾಕ್ಟೋಸ್ ಬಂದರೆ ಸಾವಿರಗಟ್ಟಲೆ. ಇದನ್ನು ನೋಡಿದವರಿಗೆ ಸಹಜವಾಗಿ ತೋರಿದ ವಿವರಣೆ ಇಷ್ಟು: ಸಕ್ಕರೆಯೇ ಅಚ್ಚಾಗಿ ನಿಂತು ಕಿಣ್ವವನ್ನು ತನಗೆ ತಕ್ಕ ಆಕಾರಕ್ಕೆ ತಿದ್ದುತ್ತದೆ. ಪರಿಸರವು ಜೀವಿಗೆ ಪಾಠ ಹೇಳಿಕೊಡುತ್ತದೆ, ಜೀವಿ ಕಲಿಯುತ್ತದೆ. ಕೇಳಲು ಎಷ್ಟು ಹಿತವಾದ ಮಾತು! ಹಿತವಾದ ಮಾತುಗಳನ್ನು ವಿಜ್ಞಾನದಲ್ಲಿ ಎರಡು ಸಲ ತೊಳೆದು ನೋಡಬೇಕು.

ಯುದ್ಧ ಮುಗಿದು ಮೊನೊ ಪ್ಯಾಸ್ಚರ್ ಸಂಸ್ಥೆಗೆ ಬಂದ ಮೇಲೆ ಆ ತೊಳೆಯುವ ಕೆಲಸ ನಡೆಯಿತು. ಲ್ಯಾಕ್ಟೋಸನ್ನು ಹೋಲುವ ಕೆಲವು ಕೃತಕ ವಸ್ತುಗಳನ್ನು ಕೊಟ್ಟರೆ ಕಿಣ್ವ ಧಾರಾಳವಾಗಿ ಹುಟ್ಟುತ್ತದೆ, ಆದರೆ ಆ ಕಿಣ್ವಕ್ಕೆ ಆ ವಸ್ತುಗಳನ್ನು ಒಡೆಯಲು ಬರುವುದಿಲ್ಲ ಎಂಬುದು ಗೊತ್ತಾಯಿತು. ಅಂದ ಮೇಲೆ ಅಚ್ಚಿನ ಮಾತು ನಿಲ್ಲಲಾರದು. ಇನ್ನೊಂದು ಕಡೆ, ಲ್ಯಾಕ್ಟೋಸ್ ಇರಲಿ ಬಿಡಲಿ, ಹಗಲಿರುಳೂ ಕಿಣ್ವವನ್ನು ಸುರಿಯುವ ವಿಕೃತ ತಳಿಗಳು ದೊರೆತವು. ಅವುಗಳಲ್ಲಿ ಕಿಣ್ವದ ಜೀನು ಸರಿಯಾಗಿಯೇ ಇತ್ತು. ಕೆಟ್ಟಿದ್ದುದು ಪಕ್ಕದ ಇನ್ನೊಂದು ಜೀನು. ಅದಕ್ಕೆ ‘ಐ’ ಎಂದು ಹೆಸರಿಟ್ಟರು. ಕಿಣ್ವವನ್ನು ಮಾಡದ, ಆದರೆ ಕಿಣ್ವದ ಉತ್ಪತ್ತಿ ಯಾವಾಗ ಆಗಬೇಕೆಂಬುದನ್ನು ನಿರ್ಣಯಿಸುವ ಜೀನು! ಜೀನುಗಳಲ್ಲಿ ಕೂಲಿಯವರಲ್ಲದೆ ಮೇಸ್ತ್ರಿಗಳೂ ಇದ್ದಾರೆಂಬ ಸುಳಿವು ಸಿಕ್ಕಿದ್ದು ಹೀಗೆ.

ಮೇಸ್ತ್ರಿ ಏನು ಹೇಳುತ್ತಾನೆ? ‘ಮಾಡು’ ಎನ್ನುತ್ತಾನೆಯೇ, ‘ಬೇಡ’ ಎನ್ನುತ್ತಾನೆಯೇ? ಇದನ್ನು ತೀರ್ಮಾನಿಸಿದ ಪ್ರಯೋಗಕ್ಕೆ ಅದನ್ನು ಮಾಡಿದ ಮೂವರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ಪಜಾಮೊ’ ಎಂದು ಕರೆಯುವುದುಂಟು: ಅಮೆರಿಕದಿಂದ ಬಂದಿದ್ದ ಆರ್ಥರ್ ಪಾರ್ಡಿ, ಫ್ರಾನ್ಸ್ವಾ ಜಾಕೊಬ್ ಮತ್ತು ಮೊನೊ. ಜಾಕೊಬ್ ಅವರ ಕಥೆಯೂ ಯುದ್ಧದ ಕಥೆಯೇ. ಶಸ್ತ್ರವೈದ್ಯನಾಗಬೇಕೆಂದಿದ್ದ ಹುಡುಗ 1940ರಲ್ಲಿ ಓದನ್ನು ಬಿಟ್ಟು ಲಂಡನ್ನಿಗೆ ಹೋಗಿ ಸ್ವತಂತ್ರ ಫ್ರೆಂಚ್ ಸೇನೆಯನ್ನು ಸೇರಿದರು. ಆಫ್ರಿಕದಲ್ಲಿ ದುಡಿದು, 1944ರ ಆಗಸ್ಟಿನಲ್ಲಿ ನಾರ್ಮಂಡಿಯಲ್ಲಿ ಬಾಂಬಿನ ಪೆಟ್ಟಿಗೆ ತುತ್ತಾದರು. ಕತ್ತರಿ ಹಿಡಿಯುವ ಆಸೆ ಅಲ್ಲಿಗೆ ಮುಗಿಯಿತು. 1950ರಲ್ಲಿ ಲ್ವೊಫ್ ಅವರ ಅಟ್ಟದ ಪ್ರಯೋಗಶಾಲೆಗೆ ಸೇರಿದರು.

ಪ್ರಯೋಗ ನಡೆದದ್ದು 1957–58ರಲ್ಲಿ. ಬ್ಯಾಕ್ಟೀರಿಯಾಗಳಲ್ಲೂ ಒಂದು ಬಗೆಯ ಗಂಡು-ಹೆಣ್ಣುಗಳಿವೆ. ಗಂಡು ತನ್ನ ಜೀನುಗಳನ್ನು ದಾರದಂತೆ ಹೆಣ್ಣಿನೊಳಕ್ಕೆ ಸಾಗಿಸುತ್ತದೆ. ಕಿಣ್ವದ ಜೀನೂ ‘ಐ’ ಜೀನೂ ಎರಡೂ ಕೆಟ್ಟ ಹೆಣ್ಣನ್ನು ತೆಗೆದುಕೊಂಡರು. ಎರಡೂ ನೆಟ್ಟಗಿರುವ ಗಂಡನ್ನು ಅದರೊಡನೆ ಸೇರಿಸಿದರು. ಲ್ಯಾಕ್ಟೋಸನ್ನಾಗಲಿ ಅದರಂಥ ವಸ್ತುವನ್ನಾಗಲಿ ಇಡಲಿಲ್ಲ. ಜೀನುಗಳು ಒಳಗೆ ಹೊಕ್ಕ ಕೆಲವೇ ನಿಮಿಷಗಳಲ್ಲಿ ಕಿಣ್ವ ಹುಟ್ಟತೊಡಗಿತು, ಯಾರ ಅಪ್ಪಣೆಯೂ ಇಲ್ಲದೆ! ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಕಳೆಯುವುದರೊಳಗೆ ಉತ್ಪತ್ತಿ ನಿಂತಿತು. ಆಗ ಲ್ಯಾಕ್ಟೋಸಿನಂಥ ವಸ್ತುವನ್ನು ಹಾಕಿದರೆ ಮತ್ತೆ ಮುಂದುವರಿಯಿತು.

ಈ ಫಲಿತಾಂಶವನ್ನು ನಿಧಾನವಾಗಿ ಯೋಚಿಸಬೇಕು. ಹೆಣ್ಣಿನ ಕೋಶದ ರಸದಲ್ಲಿ ಮೊದಲು ‘ಬೇಡ’ ಎನ್ನುವವನು ಇರಲಿಲ್ಲ. ಹೊಸದಾಗಿ ಬಂದ ‘ಐ’ ಜೀನು ಅವನನ್ನು ನಿರ್ಮಿಸಲು ಹೊತ್ತು ಹಿಡಿಯಿತು. ಆ ಬಿಡುವಿನಲ್ಲಿ ಕಿಣ್ವದ ಜೀನು ತನ್ನಷ್ಟಕ್ಕೆ ಕೆಲಸ ಮಾಡಿತು. ಕಾವಲುಗಾರ ತಯಾರಾದೊಡನೆ ಬಾಗಿಲು ಮುಚ್ಚಿತು. ಲ್ಯಾಕ್ಟೋಸ್ ಜೀವಿಗೆ ಏನನ್ನೂ ಕಲಿಸುವುದಿಲ್ಲ. ಅದು ಕಾವಲುಗಾರನನ್ನು ಅತ್ತ ಕರೆದುಕೊಂಡು ಹೋಗುತ್ತದೆ, ಅಷ್ಟೇ. ಮೊನೊ ಅವರು ಇದಕ್ಕೆ ತದ್ವಿರುದ್ಧವಾದ ಫಲವನ್ನು ನಿರೀಕ್ಷಿಸಿದ್ದರು. ನಿಷೇಧವನ್ನು ತೆಗೆಯುವುದೂ ಒಂದು ಬಗೆಯ ಪ್ರೇರಣೆಯೇ ಆಗಬಹುದೆಂದು ಲಿಯೋ ಸಿಲಾರ್ಡ್ ಎಂಬ ಭೌತವಿಜ್ಞಾನಿ ವಾದಿಸುತ್ತಿದ್ದರು. ಆ ಮಾತಿನಿಂದ ತಮಗೆ ದಾರಿ ಕಂಡಿತೆಂದು ಮೊನೊ ಮುಂದೆ ನೊಬೆಲ್ ಭಾಷಣದಲ್ಲಿ ನೆನೆದರು. ಅಣುಬಾಂಬಿನ ಹಿಂದಿನ ಸರಪಳಿ ಕ್ರಿಯೆಯನ್ನು ಮೊದಲು ಕಲ್ಪಿಸಿದ ತಲೆಯೂ ಈ ಸಿಲಾರ್ಡರದೇ.

1958ರ ಜುಲೈ ಕೊನೆಯಲ್ಲಿ ಒಂದು ಭಾನುವಾರ ಜಾಕೊಬ್ ಹೆಂಡತಿಯೊಡನೆ ಸಿನಿಮಾ ನೋಡುತ್ತ ಕುಳಿತಿದ್ದಾಗ ಅವರಿಗೆ ಇನ್ನೊಂದು ಹೊಳೆಯಿತು. ಬ್ಯಾಕ್ಟೀರಿಯಾಗಳನ್ನು ಹಿಡಿಯುವ ಕೆಲವು ವೈರಸುಗಳು ಅವುಗಳ ಒಳಗೆ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತವೆ. ಅಟ್ಟದ ಒಂದು ತುದಿಯಲ್ಲಿ ಜಾಕೊಬ್ ಅಭ್ಯಾಸ ಮಾಡುತ್ತಿದ್ದುದು ಅದನ್ನು. ಇನ್ನೊಂದು ತುದಿಯಲ್ಲಿ ಮೊನೊ ಅವರ ಸಕ್ಕರೆ. ಎರಡರ ಹಿಂದೆಯೂ ಇರುವುದು ಒಂದೇ ತಂತ್ರ, ಜೀನಿನ ಮೇಲೆಯೇ ನೇರವಾಗಿ ಕುಳಿತ ನಿಷೇಧ! ಮೊನೊ ಮೊದಲು ಒಪ್ಪಲಿಲ್ಲ. ಬಳಿಕ ಇಬ್ಬರೂ ಕುಳಿತು ಚರ್ಚಿಸಿ 1961ರಲ್ಲಿ ಪ್ರಕಟಿಸಿದ ಲೇಖನವು ಈ ಶಾಸ್ತ್ರಕ್ಕೆ ಮೂಲಗ್ರಂಥದಂತಾಯಿತು. 1965ರಲ್ಲಿ ಜಾಕೊಬ್, ಲ್ವೊಫ್, ಮೊನೊ ಮೂವರಿಗೂ ನೊಬೆಲ್ ಬಹುಮಾನ ಬಂತು.

ಅವರು ಕಂಡ ಏರ್ಪಾಟನ್ನು ಹೈದರಾಬಾದು ಸೀಮೆಯವರಿಗೆ ಪರಿಚಿತವಾದ ಮಾತಿನಲ್ಲಿ ಹೇಳಬಹುದು. ಪಟವಾರಿಯ ಹತ್ತಿರ ಊರಿನ ದಫ್ತರ ಇರುತ್ತಿತ್ತು. ಅಸಲು ಕಾಗದ ಹೊರಗೆ ಬರುವುದಿಲ್ಲ. ಬೇಕಾದ ಪುಟದ ನಕಲು ಮಾತ್ರ ಬರುತ್ತದೆ, ಕೆಲಸವೆಲ್ಲ ನಕಲಿನ ಮೇಲೆ ನಡೆಯುತ್ತದೆ. ಡಿ.ಎನ್.ಎ. ಆ ದಫ್ತರ. ಅದರಿಂದ ತೆಗೆದ ನಕಲು ಆರ್.ಎನ್.ಎ. ನಕಲು ತೆಗೆಯುವ ಗುಮಾಸ್ತನೂ ಒಂದು ಪ್ರೋಟೀನು, ಅದಕ್ಕೆ ಆರ್.ಎನ್.ಎ. ಪಾಲಿಮರೇಸ್ ಎಂದು ಹೆಸರು. ಪ್ರತಿಯೊಂದು ಜೀನಿನ ಮೊದಲಲ್ಲಿ ಗುಮಾಸ್ತ ಬಂದು ಕೂಡುವ ಒಂದು ಜಾಗವಿದೆ. ಲ್ಯಾಕ್ಟೋಸ್ ಜೀನುಗಳ ಮುಂದೆ, ಸರಿಯಾಗಿ ಆ ಜಾಗದ ಬಳಿ, ನಿರೋಧಕ ಪ್ರೋಟೀನು ಡಿ.ಎನ್.ಎ.ಯನ್ನು ಅಪ್ಪಿಕೊಂಡು ಕುಳಿತಿರುತ್ತದೆ. ಗುಮಾಸ್ತನಿಗೆ ಪುಟ ತೆರೆಯಲಾಗುವುದಿಲ್ಲ. ಲ್ಯಾಕ್ಟೋಸಿನಿಂದ ಹುಟ್ಟಿದ ಒಂದು ಚಿಕ್ಕ ಅಣು ಬಂದು ನಿರೋಧಕಕ್ಕೆ ಅಂಟಿಕೊಂಡರೆ ನಿರೋಧಕದ ಆಕಾರ ಕೊಂಚ ಬದಲಾಗುತ್ತದೆ, ಹಿಡಿತ ಸಡಿಲುತ್ತದೆ, ನಕಲು ಹೊರಡುತ್ತದೆ. ನಮ್ಮ ಕಚೇರಿಗಳಲ್ಲಿ ಗುಮಾಸ್ತನ ಕೈ ಸಡಿಲಾಗಲು ಬೇರೆ ಬಗೆಯ ಸಿಹಿಗಳು ಬೇಕಾಗುತ್ತಿದ್ದುವು, ಅದು ಬೇರೆ ಮಾತು.

1961ರಲ್ಲಿ ಇದೆಲ್ಲ ತರ್ಕವಷ್ಟೇ. ನಿರೋಧಕವನ್ನು ಕಣ್ಣಾರೆ ಕಂಡವರಿರಲಿಲ್ಲ. ಅದು ಪ್ರೋಟೀನೋ ಆರ್.ಎನ್.ಎ.ಯೋ ಎಂಬುದೂ ಖಚಿತವಿರಲಿಲ್ಲ. ಒಂದು ಕೋಶದಲ್ಲಿ ಅದರ ಸುಮಾರು ಹತ್ತು ಅಣುಗಳಷ್ಟೇ ಇರುತ್ತವೆ. ಕಣಜದಲ್ಲಿ ಒಂದು ಗುಲಗಂಜಿ ಹುಡುಕಿದಂತೆ. ಹಾರ್ವರ್ಡಿನಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನೋ ಮ್ಯುಲರ್-ಹಿಲ್ 1966ರಲ್ಲಿ ಅದನ್ನು ಹಿಡಿದರು. ವಿಕಿರಣವುಳ್ಳ ಲ್ಯಾಕ್ಟೋಸಿನಂಥ ವಸ್ತುವನ್ನು ಗುರುತಾಗಿಟ್ಟುಕೊಂಡು, ಅದನ್ನು ಯಾವುದು ತನ್ನೆಡೆಗೆ ಸೆಳೆದುಕೊಳ್ಳುತ್ತದೆಂದು ಪೊರೆಯ ಚೀಲದಲ್ಲಿ ಸೋಸಿ ಸೋಸಿ ನೋಡಿದರು. ಅದು ಪ್ರೋಟೀನೇ. ಗಿಲ್ಬರ್ಟ್ ಮೂಲತಃ ಭೌತವಿಜ್ಞಾನಿ. ಅವರಿಗೆ ಕೇಂಬ್ರಿಜ್ಜಿನಲ್ಲಿ ಗುರುಗಳಾಗಿದ್ದವರು ಅವಿಭಕ್ತ ಪಂಜಾಬಿನಲ್ಲಿ ಹುಟ್ಟಿದ ಅಬ್ದುಸ್ ಸಲಾಂ. ವೈರಸಿನ ನಿರೋಧಕವನ್ನು 1967ರಲ್ಲಿ ಮಾರ್ಕ್ ಟಾಶ್ನಿ ಬೇರ್ಪಡಿಸಿದರು. ನಿರೋಧಕ ಕುಳಿತುಕೊಳ್ಳುವ ತಾಣದ 24 ಅಕ್ಷರಗಳನ್ನು ಗಿಲ್ಬರ್ಟ್ ಮತ್ತು ಮ್ಯಾಕ್ಸಮ್ 1973ರಲ್ಲಿ ಓದಿ ಪ್ರಕಟಿಸಿದರು. ಈ ಬ್ಯಾಕ್ಟೀರಿಯಾದ ಇಡೀ ದಫ್ತರದಲ್ಲಿ ಇರುವ ಅಕ್ಷರಗಳು 46 ಲಕ್ಷ. ಅಷ್ಟರ ನಡುವೆ ಹತ್ತು ಅಣುಗಳು ಆ 24ರ ತಾಣವನ್ನು ತಪ್ಪದೆ ಕಂಡುಕೊಳ್ಳುತ್ತವೆ. ನಿರೋಧಕವು ಡಿ.ಎನ್.ಎ.ಯನ್ನು ಹಿಡಿದಿರುವ ಭಂಗಿಯ ಸ್ಫಟಿಕಚಿತ್ರ ದೊರೆತದ್ದು 1996ರಲ್ಲಿ.

ಹೊಸ ಸಿದ್ಧಾಂತ ಗೆದ್ದರೆ ಅದೇ ಹೊಸ ಮೂಢನಂಬಿಕೆಯೂ ಆಗುತ್ತದೆ. ಎಲ್ಲ ಜೀನುಗಳೂ ನಿಷೇಧದಿಂದಲೇ ಆಳಲ್ಪಡುತ್ತವೆ ಎಂದು ಹಲವರು ನಂಬಿದರು. 1965ರಲ್ಲಿ ಎಲಿಸ್ ಎಂಗಲ್ಸ್‌ಬರ್ಗ್ ಎಂಬವರು ಅರಾಬಿನೋಸ್ ಎಂಬ ಇನ್ನೊಂದು ಸಕ್ಕರೆಯ ವಿಷಯದಲ್ಲಿ ಬೇರೆ ರೀತಿಯನ್ನು ತೋರಿಸಿದರು. ಅಲ್ಲಿ ಕಾವಲಿನ ಪ್ರೋಟೀನು ಕೆಟ್ಟರೆ ಜೀನು ಸದಾ ತೆರೆದಿರುವುದಿಲ್ಲ, ಸದಾ ಮುಚ್ಚಿರುತ್ತದೆ. ಅಂದರೆ ಅದು ಗುಮಾಸ್ತನನ್ನು ಕೈಹಿಡಿದು ಕೂರಿಸುವ ಪ್ರೋಟೀನು. ಇದನ್ನು ವಿದ್ವಾಂಸರು ಸುಲಭವಾಗಿ ನಂಬಲಿಲ್ಲ. ಈಗ ಇಂಥ ಪ್ರೇರಕಗಳು ಎಷ್ಟೋ ತಿಳಿದಿವೆ. ಲ್ಯಾಕ್ಟೋಸ್ ಜೀನುಗಳಿಗೇ ಒಂದು ಪ್ರೇರಕ ಬೇಕು. ಗ್ಲೂಕೋಸ್ ಇರುವವರೆಗೆ ಅದಕ್ಕೆ ಪೂರ್ಣ ಶಕ್ತಿ ಬರುವುದಿಲ್ಲ. ಅದರ ಮೇಲೆ, ಗ್ಲೂಕೋಸ್ ಒಳಕ್ಕೆ ಬರುವಾಗ ಲ್ಯಾಕ್ಟೋಸಿಗೆ ದಾರಿಯನ್ನೇ ತಡೆಯುತ್ತದೆ. ಮೊನೊ ಅವರ ಗೆರೆ ನಡುವೆ ಮಟ್ಟಸವಾಗಿ ನಿಂತಿದ್ದ ಕಾರಣ ಇದು. ಸುಮಾರು 4300 ಜೀನುಗಳುಳ್ಳ ಈ ಜೀವಿಯಲ್ಲಿ ಇತರ ಜೀನುಗಳ ಮೇಲೆ ಕಣ್ಣಿಡುವ ಪ್ರೋಟೀನುಗಳೇ ಮುನ್ನೂರರಷ್ಟಿವೆ.

ಇನ್ನು ತೊಗರಿಯ ಹೊಲಕ್ಕೆ ಹಿಂದಿರುಗಬಹುದು. ರೈಜೋಬಿಯಮಿನ ರಹಸ್ಯ ಬಿಚ್ಚಿದ್ದು 1980ರ ದಶಕದಲ್ಲಿ. ಬೇರಿನಲ್ಲಿ ಗಂಟು ಕಟ್ಟಲು ಬೇಕಾದ ಅದರ ಜೀನುಗಳನ್ನು ‘ನಾಡ್’ ಜೀನುಗಳೆನ್ನುತ್ತಾರೆ. ಅವುಗಳ ಮೇಲೆ ಅಧಿಕಾರವಿರುವ ಪ್ರೋಟೀನು ‘ನಾಡ್-ಡಿ’. 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶರಾನ್ ಲಾಂಗ್ ಮತ್ತು ಜೊತೆಗಾರರು ಲೂಸರ್ನ್ ಎಂಬ ಮೇವಿನ ಗಿಡದಿಂದ ಲ್ಯೂಟಿಯೋಲಿನ್ ಎಂಬ ವಸ್ತುವನ್ನು ತೆಗೆದು, ನಾಡ್ ಜೀನುಗಳನ್ನು ಎಬ್ಬಿಸುವ ಸಂಕೇತ ಅದೇ ಎಂದು ತೋರಿಸಿದರು. ಅದೇ ವರ್ಷ ಆಸ್ಟ್ರೇಲಿಯ ಮತ್ತು ಇಂಗ್ಲೆಂಡಿನ ಗುಂಪುಗಳೂ ಬೇರೆ ಗಿಡಗಳಲ್ಲಿ ಇಂಥದನ್ನೇ ಕಂಡವು. ಇವು ಫ್ಲೇವನಾಯ್ಡ್ ಎಂಬ ಕುಟುಂಬದ ವಸ್ತುಗಳು. ಹೂಗಳ ಬಣ್ಣಕ್ಕೂ ಇವುಗಳ ಬಂಧುಗಳೇ ಕಾರಣ. ನಾಡ್-ಡಿ ಮೊದಲೇ ಡಿ.ಎನ್.ಎ.ಯ ಮೇಲೆ ತನ್ನ ಜಾಗದಲ್ಲಿ ಕುಳಿತಿರುತ್ತದೆ, ಆದರೆ ಸುಮ್ಮನೆ. ಬೇರು ಸೂಸುವ ಫ್ಲೇವನಾಯ್ಡು ಮಣ್ಣಿನ ತೇವದಲ್ಲಿ ಹರಿದು ಬಂದು ಮುಟ್ಟಿದಾಗ ಆ ಪ್ರೋಟೀನು ಎಚ್ಚೆತ್ತು ಗುಮಾಸ್ತನನ್ನು ಕರೆಯುತ್ತದೆ. ಎಂಗಲ್ಸ್‌ಬರ್ಗರ ಮಾತು ಪ್ಯಾರಿಸಿನ ಮಾತಿನಷ್ಟೇ ನಿಜವೆಂದು ಹೊಲವೇ ಸಾಕ್ಷಿ ನುಡಿದಂತಾಯಿತು. ಎಚ್ಚೆತ್ತ ಜೀನುಗಳಿಂದ ಬ್ಯಾಕ್ಟೀರಿಯಾ ಒಂದು ಮಾರುತ್ತರವನ್ನು ತಯಾರಿಸುತ್ತದೆ. 1990ರಲ್ಲಿ ಅದರ ರಚನೆಯೂ ತಿಳಿಯಿತು. ಆ ಉತ್ತರ ತಲಪಿದ ಮೇಲೆ ಬೇರಿನ ಕೂದಲು ಕೊಕ್ಕೆಯಂತೆ ಬಾಗಿ ಅತಿಥಿಯನ್ನು ಒಳಗೆ ಸೇರಿಸಿಕೊಳ್ಳುತ್ತದೆ.

ಒಳಗೆ ಹೋದರೂ ಎರಡನೆಯ ಬೀಗವಿದೆ. ಸಾರಜನಕವನ್ನು ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ವಿಷ, ತಾಗಿದರೆ ಕೆಡುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಅದನ್ನು ತಯಾರಿಸುವುದೆಂದರೆ ಮಳೆಯಲ್ಲಿ ಹಪ್ಪಳ ಒಣಗಿಸಿದಂತೆ. ಜೊತೆಗೆ ಆ ಕೆಲಸಕ್ಕೆ ತಗಲುವ ಶಕ್ತಿಯೂ ವಿಪರೀತ. ಆದ್ದರಿಂದ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಮೂಸಿ ನೋಡುವ ಒಂದು ಪ್ರೋಟೀನನ್ನು ಇಟ್ಟುಕೊಂಡಿದೆ. ಅದರ ಹೆಸರು ಫಿಕ್ಸ್-ಎಲ್. ಇದರಲ್ಲೂ ನಮ್ಮ ರಕ್ತದಲ್ಲಿರುವಂಥ ಕಬ್ಬಿಣದ ಹೀಮ್ ಇದೆ. 1991ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಸ್ಪಷ್ಟಪಡಿಸಿದರು. ಗಂಟಿನ ಕೆಂಪು ಪ್ರೋಟೀನು ಒಳಗೆ ಬಿಡಿ ಆಮ್ಲಜನಕ ಕಡಿಮೆಯಿರುವಂತೆ ನೋಡಿಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾದುದನ್ನು ಫಿಕ್ಸ್-ಎಲ್ ಗ್ರಹಿಸಿ ಫಿಕ್ಸ್-ಜೆ ಎಂಬ ಜೊತೆಗಾರನಿಗೆ ತಿಳಿಸುತ್ತದೆ, ಅದು ಇನ್ನೊಂದಕ್ಕೆ, ಕೊನೆಗೆ ಸಾರಜನಕದ ಜೀನುಗಳ ನಕಲು ಹೊರಡುತ್ತದೆ. ಇದನ್ನು ವಿವರವಾಗಿ ಶೋಧಿಸಿದ್ದು ಲೂಸರ್ನ್ ಗಿಡದ ಬ್ಯಾಕ್ಟೀರಿಯಾದಲ್ಲಿ. ಬೇರೆ ದ್ವಿದಳ ಗಿಡಗಳ ಜೊತೆಗಾರರಲ್ಲಿ ಅಧಿಕಾರಿಗಳ ಸಾಲು ಸ್ವಲ್ಪ ಹಿಂದುಮುಂದಾಗುವುದುಂಟು.

ಇದೆಲ್ಲ ಪಂಡಿತರ ಕೋಣೆಯ ಮಾತು ಎಂದು ಬೀದರದ ಓದುಗರು ಬದಿಗಿಡಬಾರದು. ಗಿಡದಿಂದ ಗಿಡಕ್ಕೆ ಫ್ಲೇವನಾಯ್ಡು ಬೇರೆ. ಜಾತಿಯಿಂದ ಜಾತಿಗೆ ನಾಡ್-ಡಿಯ ಕಿವಿ ಬೇರೆ. ತೊಗರಿಯ ಕರೆಗೆ ಓಗೊಡುವ ಬ್ಯಾಕ್ಟೀರಿಯಾ ನಮ್ಮ ಮಣ್ಣಿಗೆ ಹಳೆಯದು. ಸೋಯಾ ಅವರೆ ಕರೆಯುವುದು ಜೆನಿಸ್ಟೀನ್, ಡೈಡ್‌ಜೀನ್ ಎಂಬ ಬೇರೆ ದನಿಯಲ್ಲಿ. ಸೋಯಾ ಎಂದೂ ಬೆಳೆಯದ ಹೊಲದಲ್ಲಿ ಆ ದನಿಯನ್ನು ತಿಳಿಯುವ ಜೀವಿ ಸಾಕಷ್ಟು ಇರಲಾರದು. ಅದಕ್ಕಾಗಿಯೇ ಬಿತ್ತುವ ಮೊದಲು ಸೋಯಾ ಬೀಜಕ್ಕೆ ಬೆಲ್ಲದ ಪಾಕದಲ್ಲಿ ರೈಜೋಬಿಯಂ ಪುಡಿಯನ್ನು ಲೇಪಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕೆಂದು ಕೃಷಿ ತಜ್ಞರು ಹೇಳುವುದು. ಪೊಟ್ಟಣದ ಮೇಲೆ ಬೆಳೆಯ ಹೆಸರು ಬರೆದಿರುವುದೂ ಅದಕ್ಕಾಗಿಯೇ. ಹೆಸರಿನ ಬೆಳೆಯ ಪೊಟ್ಟಣವನ್ನು ಸೋಯಾಕ್ಕೆ ಹಚ್ಚಿದರೆ ಬೆಲ್ಲ ದಂಡ. ಬಿಸಿಲಿಗೆ ಇಟ್ಟರೆ ಜೀವಿ ಸಾಯುತ್ತದೆ. ಇನ್ನು ಯೂರಿಯಾವನ್ನು ಧಾರಾಳವಾಗಿ ಸುರಿದ ಹೊಲದಲ್ಲಿ ಗಿಡವೇ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಪುಕ್ಕಟೆ ದೊರೆಯುವಾಗ ಅತಿಥಿಯನ್ನು ಸಾಕುವ ಖರ್ಚು ಅದಕ್ಕೇಕೆ? ನಮ್ಮಲ್ಲಿ ರೈತನಿಗೆ ‘ಹೀಗೆ ಮಾಡು’ ಎಂದು ಹೇಳುವವರು ಬಹಳ. ಏಕೆಂದು ಹೇಳುವವರು ಕಡಿಮೆ. ಕಾರಣ ತಿಳಿದ ರೈತ ಪೊಟ್ಟಣವನ್ನು ಕೊಂಡು ತಗಡಿನ ಮಾಡಿನ ಕೆಳಗೆ ಒಂದು ವಾರ ಕಾಯಿಸಲಾರ.

ಪ್ಯಾರಿಸು, ಹಾರ್ವರ್ಡು, ಸ್ಟ್ಯಾನ್‌ಫರ್ಡುಗಳನ್ನೇ ಹೇಳಿದ್ದಾಯಿತು. ಕನ್ನಡನಾಡಿನಲ್ಲಿ ಈ ಶಾಸ್ತ್ರಕ್ಕೆ ನೆಲೆಯಿಲ್ಲವೇ ಎಂದು ಓದುಗರು ಕೇಳಬಹುದು. ಇದೆ, 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲದಿಂದ ಇದೆ. ಅಲ್ಲಿ ವಿ. ನಾಗರಾಜ ಮತ್ತು ಅವರ ಶಿಷ್ಯರು ಬ್ಯಾಕ್ಟೀರಿಯಾಗಳನ್ನು ಹಿಡಿಯುವ ‘ಮ್ಯೂ’ ಎಂಬ ವೈರಸಿನ ಒಂದು ಜೀನನ್ನು ಹಲವು ವರ್ಷ ಅಭ್ಯಾಸ ಮಾಡಿದರು. ಆ ಜೀನಿನಿಂದ ಹುಟ್ಟುವ ಪ್ರೋಟೀನು ವೈರಸಿನ ಡಿ.ಎನ್.ಎ.ಗೆ ಒಂದು ಗುರುತು ಹಾಕುತ್ತದೆ. ಗುರುತಿದ್ದರೆ ಬ್ಯಾಕ್ಟೀರಿಯಾದ ಕತ್ತರಿಗಳು ಅದನ್ನು ಕತ್ತರಿಸಲಾರವು. ಆದರೆ ಆ ಜೀನಿನ ಮುಂದೆ ಗುಮಾಸ್ತ ಕೂಡಬೇಕಾದ ಎರಡು ಹಿಡಿಗಳು ಒಂದಕ್ಕೊಂದು ನೇರವಾಗಿಲ್ಲ. ದಾರ ಹುರಿಗೊಂಡಿರುವುದರಿಂದ ಒಂದು ಕೊಂಚ ಆಚೆಗೆ ತಿರುಗಿದೆ. ‘ಸಿ’ ಎಂಬ ಪ್ರೇರಕ ಪ್ರೋಟೀನು ಬಂದು ಡಿ.ಎನ್.ಎ.ಯ ಹುರಿಯನ್ನು ಸ್ವಲ್ಪ ಬಿಚ್ಚುತ್ತದೆ; ಹಿಡಿಗಳು ಸಾಲಿಗೆ ಬರುತ್ತವೆ; ಗುಮಾಸ್ತ ಕೂಡುತ್ತಾನೆ. 2001ರಲ್ಲಿ ಪ್ರಕಟವಾದ ಈ ವಿವರಣೆ, ಪ್ರೇರಕವೆಂದರೆ ಕೈಹಿಡಿದು ಕರೆಯುವುದು ಮಾತ್ರವಲ್ಲ, ಕುರ್ಚಿಯನ್ನು ಸರಿಪಡಿಸಿಕೊಡುವುದೂ ಹೌದೆಂದು ತೋರಿಸಿತು.

ಅದೇ ಸಂಸ್ಥೆಯ ಎಸ್. ಮಹಾದೇವನ್ ಅವರ ವಿಷಯ ಇನ್ನೂ ವಿಚಿತ್ರವಾದದ್ದು. ಕೋಲಿ ಬ್ಯಾಕ್ಟೀರಿಯಾದಲ್ಲಿ ‘ಬಿಜಿಎಲ್’ ಎಂಬ ಜೀನುಗಳ ಒಂದು ಗುಂಪಿದೆ. ವಿಲ್ಲೋ ಮರದ ತೊಗಟೆಯಲ್ಲಿರುವ ಸ್ಯಾಲಿಸಿನ್ ಎಂಬ ಸಕ್ಕರೆಯ ಸಂಬಂಧಿಯನ್ನು ತಿನ್ನಲು ಬೇಕಾದದ್ದೆಲ್ಲ ಅದರಲ್ಲಿ ಬರೆದಿದೆ. ಆದರೆ ಕಾಡುತಳಿಯ ಬ್ಯಾಕ್ಟೀರಿಯಾಕ್ಕೆ ಸ್ಯಾಲಿಸಿನನ್ನು ಎಷ್ಟು ಕೊಟ್ಟರೂ ಜೀನುಗಳು ಬಾಯಿಬಿಡುವುದಿಲ್ಲ. ಎಚ್-ಎನ್‌ಎಸ್ ಎಂಬ ಪ್ರೋಟೀನು ಅವುಗಳ ಮೇಲೆ ಕವುಚಿಕೊಂಡು ಕುಳಿತಿದೆ. ಲ್ಯಾಕ್ಟೋಸಿನ ಕಾವಲುಗಾರನಂತೆ ಆಹಾರವನ್ನು ಕಂಡು ಏಳುವ ಜಾತಿಯದಲ್ಲ. ಎಲ್ಲೋ ಒಮ್ಮೆ ಡಿ.ಎನ್.ಎ.ಯಲ್ಲಿ ಜಾಗದಿಂದ ಜಾಗಕ್ಕೆ ನೆಗೆಯುವ ಒಂದು ತುಣುಕು ಬಂದು ಪಕ್ಕದಲ್ಲಿ ಸಿಕ್ಕಿಕೊಂಡರೆ ಮಾತ್ರ ಆ ಮೌನ ಮುರಿಯುತ್ತದೆ. ಮುರಿದ ಮೇಲೂ ಇನ್ನೊಂದು ತಡೆ. ಗುಮಾಸ್ತ ನಕಲನ್ನು ಆರಂಭಿಸಿ, ನಾಲ್ಕು ಸಾಲು ಬರೆಯುವುದರೊಳಗೆ ಕೈಬಿಟ್ಟು ಏಳುತ್ತಾನೆ, ಏಕೆಂದರೆ ನಕಲಿನ ಪಟ್ಟಿಯೇ ಮಡಿಸಿಕೊಂಡು ಗಂಟಾಗುತ್ತದೆ. ಸ್ಯಾಲಿಸಿನ್ ಇದ್ದಾಗ ‘ಬಿಜಿಎಲ್-ಜಿ’ ಎಂಬ ಪ್ರೋಟೀನು ಆ ಮಡಿಕೆಯಾಗದಂತೆ ನಕಲನ್ನು ಹಿಡಿದುಕೊಳ್ಳುತ್ತದೆ, ಬರವಣಿಗೆ ಮುಂದುವರಿಯುತ್ತದೆ. ಆರಂಭದಲ್ಲಿ ತಡೆಯುವ ಬದಲು ನಡುವೆ ತಡೆಯುವ ಈ ಉಪಾಯವನ್ನು ಮಹಾದೇವನ್ ಅವರು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ರೈಟ್ ಅವರೊಡನೆ ಕಂಡು, 1987ರಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆಯೂ ಆ ಜೀನುಗಳನ್ನು ಬಿಡಲಿಲ್ಲ.

ಬಿಡದೆ ಇರಲು ಕಾರಣವಿತ್ತು. ಉಪಯೋಗವಿಲ್ಲದ ಬರವಣಿಗೆ ಕಾಲಾಂತರದಲ್ಲಿ ತಪ್ಪುಗಳಿಂದ ತುಂಬಿ ಅಳಿಸಿಹೋಗಬೇಕು. ಪ್ರಕೃತಿಯು ಮುರುಕು ಸಾಮಾನನ್ನು ಅಟ್ಟದ ಮೇಲೆ ಜೋಪಾನ ಮಾಡುವ ಗೃಹಿಣಿಯಲ್ಲ. ಆದರೆ ಈ ಮೂಕ ಜೀನುಗಳು ಕೆಡದೆ ಉಳಿದಿವೆ. ತುಣುಕೊಂದು ನೆಗೆದರೆ ಸಾಕು, ನೆಟ್ಟಗೆ ಕೆಲಸ ಮಾಡುತ್ತವೆ. ಬ್ಯಾಕ್ಟೀರಿಯಾ ಇವನ್ನು ಯಾವ ದಿನಕ್ಕಾಗಿ ಇಟ್ಟುಕೊಂಡಿದೆ? ಮಹಾದೇವನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಲು ಸ್ಯಾಲಿಸಿನ್ ಇಲ್ಲದ ಕಡೆ, ಆಹಾರವೆಲ್ಲ ತೀರಿದ ಹಳೆಯ ಸಾರಿನಲ್ಲಿ, ಮೌನ ಮುರಿದ ತಳಿಯನ್ನೂ ಮೌನದ ತಳಿಯನ್ನೂ ಒಟ್ಟಿಗೆ ಬಿಟ್ಟು ದಿನಗಟ್ಟಲೆ ಉಪವಾಸ ಕೆಡವಿದರು. ಹೊಟ್ಟೆ ತುಂಬಿದ ಕಾಲದಲ್ಲಿ ಈ ಎರಡರ ನಡುವೆ ಹೇಳುವಂಥ ಅಂತರವಿರುವುದಿಲ್ಲ. ಉಪವಾಸದಲ್ಲಿ ಬಾಯಿಬಿಟ್ಟ ಜೀನುಗಳುಳ್ಳದ್ದು ಮೇಲುಗೈ ಪಡೆದು ಮತ್ತೊಂದನ್ನು ಹಿಂದಿಕ್ಕಿತು. ಅಮೆರಿಕದ ರಾಬರ್ಟೊ ಕೋಲ್ಟರ್ ಅವರ ಸಹಯೋಗದಲ್ಲಿ ನಡೆದ ಈ ಕೆಲಸ 2005ರಲ್ಲಿ ಪ್ರಕಟವಾಯಿತು. ಸ್ಯಾಲಿಸಿನಿಗೂ ಆ ಉಪವಾಸಕ್ಕೂ ನೇರವಾದ ನಂಟು ಏನೂ ಇರಲಿಲ್ಲ. ವಿಲ್ಲೋ ಮರದ ತೊಗಟೆ ಆ ಗಾಜಿನ ಸೀಸೆಯಲ್ಲಿ ಎಲ್ಲಿಂದ ಬರಬೇಕು?